ಹಳೇ ಬೈಕು ತಿಂಗಳುಗಟ್ಟಲೆ ನಿಂತರೂ ಬ್ಯಾಟರಿ ಸಾಯದ ಹಾಗೆ ನೋಡಿಕೊಳ್ಳುವುದು ಹೇಗೆ?

ಹಳೇ ಬೈಕಿನ ಬ್ಯಾಟರಿ ಓಡಾಡಿ ಸವೆಯುವುದಕ್ಕಿಂತ ನಿಂತು ಹಾಳಾಗುವುದೇ ಜಾಸ್ತಿ. ನನ್ನ ಮೊದಲ ಹಳೇ ಬೈಕಿಗೆ ಐದು ವರ್ಷದಲ್ಲಿ ಮೂರು ಬ್ಯಾಟರಿ ಹಾಕಿಸಿದೆ. ಮೂರೂ ಕೈಕೊಟ್ಟಿದ್ದು ಬೈಕು ಕವರ್ ಹೊದ್ದು ಮೂಲೆಯಲ್ಲಿ ನಿಂತಿದ್ದಾಗಲೇ. ಈಗ ಹಾಕಿರುವ ಬ್ಯಾಟರಿಗೆ ಆರು ವರ್ಷ ಆಯಿತು, ಇನ್ನೂ ಗಟ್ಟಿಯಾಗಿದೆ. ನಡುವೆ ಬದಲಾಗಿದ್ದು ಬೈಕು ನಿಲ್ಲಿಸುವ ರೀತಿ, ಅಷ್ಟೇ. ಅದನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ನಿಂತಲ್ಲೇ ಯಾಕೆ ಸಾಯುತ್ತದೆ?

ಲೆಡ್ ಆಸಿಡ್ ಬ್ಯಾಟರಿ 1859ರಿಂದ ಇರುವ ವಸ್ತು, ಗ್ಯಾಸ್ಟನ್ ಪ್ಲಾಂಟೆ ಅನ್ನುವ ಫ್ರೆಂಚ್ ವಿಜ್ಞಾನಿ ಮಾಡಿದ್ದು. ಒಳಗಿನ ಲೆಕ್ಕ ಇವತ್ತಿಗೂ ಅದೇ. ಸೀಸದ ಪ್ಲೇಟು, ಸಲ್ಫ್ಯೂರಿಕ್ ಆಸಿಡ್. ಬ್ಯಾಟರಿ ಕರೆಂಟು ಕೊಡುತ್ತಾ ಹೋದ ಹಾಗೆ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ವಾಪಸ್ ಆಸಿಡ್‌ಗೆ ಸೇರುತ್ತದೆ. ಅಲ್ಲಿಯವರೆಗೆ ಏನೂ ತೊಂದರೆ ಇಲ್ಲ.

ತೊಂದರೆ ಶುರುವಾಗುವುದು ಆ ಸಲ್ಫೇಟ್ ವಾರಗಟ್ಟಲೆ ಹಾಗೇ ಕೂತರೆ. ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ವಾ, ಮೊದಲ ದಿನ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ತಿಂಗಳು ಬಿಟ್ಟರೆ ಕೆರೆದರೂ ಬಿಡುವುದಿಲ್ಲ. ಇದೂ ಹಾಗೇ. ಸಣ್ಣ ಹರಳುಗಳು ದೊಡ್ಡದಾಗಿ ಗಟ್ಟಿಯಾಗುತ್ತವೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅಷ್ಟು ಜಾಗ ಸತ್ತ ಹಾಗೇ. ಇದನ್ನೇ ಸಲ್ಫೇಶನ್ ಅನ್ನುತ್ತಾರೆ.

ಏನೂ ಜೋಡಿಸದೆ ಸುಮ್ನೆ ಇಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ಖಾಲಿಯಾಗುತ್ತಾ ಇರುತ್ತದೆ. ನೀರು ಹಾಕುವ ಹಳೇ ಮಾದರಿಯಲ್ಲಿ ಇದು ಬೇಗ, ಸೀಲ್ ಮಾಡಿದ ಎಜಿಎಮ್ ಮಾದರಿಯಲ್ಲಿ (ಇದರಲ್ಲಿ ಆಸಿಡ್ ಗಾಜಿನ ನಾರಿನ ಪದರದಲ್ಲಿ ಹೀರಿಕೊಂಡಿರುತ್ತದೆ) ನಿಧಾನ. ಬಿಸಿ ಜಾಸ್ತಿಯಾದಷ್ಟೂ ವೇಗ ಜಾಸ್ತಿ, ತಾಪಮಾನ 10 ಡಿಗ್ರಿ ಏರಿದರೆ ಸೋರಿಕೆ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ. ತುಂಬಾ ಚಳಿ ಇರುವ ಕಡೆ ಇನ್ನೊಂದು ಅಪಾಯ. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಆಸಿಡ್ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ, ಆದರೆ ಪೂರ್ತಿ ಡೌನ್ ಆದದ್ದು ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಿ ಡಬ್ಬಿಯನ್ನೇ ಸೀಳಿಬಿಡುತ್ತದೆ.

ಹಾಗಾಗಿ ಗುರಿ ಒಂದೇ. ಬೈಕು ನಿಂತಿರುವ ಅಷ್ಟೂ ದಿನ ಬ್ಯಾಟರಿ ತುಂಬಿಯೇ ಇರಬೇಕು. ಅರ್ಧ ತುಂಬಿದ್ದು ಸಾಕು ಅಂತ ಬಿಡಬೇಡಿ.

ಮೊದಲು ನಿಮ್ಮ ಬೈಕಿನಲ್ಲಿ ಇರುವುದು ಏನು ಅಂತ ನೋಡಿ

ಹೊಸ ಬೈಕಾದರೆ ಈ ಭಾಗವೇ ಬೇಡ. ಹಳೇ ಬೈಕಿನಲ್ಲಿ ಇದನ್ನು ಬಿಟ್ಟು ಮುಂದೆ ಹೋದರೆ ಬ್ಯಾಟರಿ ಜೊತೆ ರೆಕ್ಟಿಫೈಯರ್ (ಆಲ್ಟರ್ನೇಟರಿನ ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಕೂಡ ಸುಡಬಹುದು.

6 ವೋಲ್ಟಾ, 12 ವೋಲ್ಟಾ? ಮೇಲೆ ಮುಚ್ಚಳಗಳಿದ್ದರೆ ಎಣಿಸಿ. ಮೂರಿದ್ದರೆ 6, ಆರಿದ್ದರೆ 12. ಒಂದೊಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ. ಮುಚ್ಚಳ ಇಲ್ಲದ ಸೀಲ್ ಬ್ಯಾಟರಿಯಾದರೆ ಮಲ್ಟಿಮೀಟರ್ ಹಿಡಿದು ನೋಡಿ. ಬೈಕಿನ ಪುಸ್ತಕದಲ್ಲಿ 6 ಅಂತ ಇದೆ ಅಂದಮಾತ್ರಕ್ಕೆ ನಂಬಬೇಡಿ, ಹಿಂದಿನ ಮಾಲೀಕರು 12ಕ್ಕೆ ಬದಲಾಯಿಸಿರುವುದು ತುಂಬಾ ಸಾಮಾನ್ಯ.

ಒಳಗಿರುವುದು ಯಾವ ಬಗೆ? ಡಿಸ್ಟಿಲ್ಡ್ ವಾಟರ್ ಹಾಕುವ ಬ್ಯಾಟರಿಯಾ, ಸೀಲ್ ಮಾಡಿದ ಎಜಿಎಮ್ಮಾ, ಲಿಥಿಯಂ ಆ? ಇದನ್ನೂ ತೆರೆದು ನೋಡಿಯೇ ಖಚಿತ ಮಾಡಿಕೊಳ್ಳಿ. ಹಳೇ ಕಪ್ಪು ರಬ್ಬರ್ ಡಬ್ಬಿಯ ಒಳಗೆ ಸಣ್ಣ ಎಜಿಎಮ್ ಬ್ಯಾಟರಿ ಅಡಗಿಸಿ ಕೂರಿಸುವವರಿದ್ದಾರೆ. ನೋಡೋಕೆ ಚೆನ್ನ, ಕೆಲಸಕ್ಕೂ ಒಳ್ಳೆಯದು, ಆದರೆ ಗೊತ್ತಿಲ್ಲದವರು ಅದನ್ನು ಹಳೇ ಬ್ಯಾಟರಿ ಅಂದುಕೊಂಡೇ ಚಾರ್ಜ್ ಮಾಡುತ್ತಾರೆ.

ಮೂರನೆಯದು ತುಂಬಾ ಮುಖ್ಯ, ಅರ್ಥಿಂಗ್. ಈಗಿನ ಬೈಕುಗಳಲ್ಲಿ ಬ್ಯಾಟರಿಯ ಮೈನಸ್ ತುದಿ ಫ್ರೇಮಿಗೆ ಸೇರಿರುತ್ತದೆ. 1950, 60ರ ದಶಕದ ಎಷ್ಟೋ ಬ್ರಿಟಿಷ್ ಬೈಕುಗಳಲ್ಲಿ, ಟ್ರಯಂಫ್, ಬಿಎಸ್‌ಎ, ನಾರ್ಟನ್ ಇಂಥವುಗಳಲ್ಲಿ, ಇದು ಉಲ್ಟಾ. ಪ್ಲಸ್ ಫ್ರೇಮಿಗೆ ಸೇರಿರುತ್ತದೆ. ಹೊಸದಾಗಿ ಹಳೇ ಬೈಕು ತಂದವರು ಎಡವುವುದು ಇಲ್ಲೇ, ಬಣ್ಣ ನೋಡಿ ಯಾವುದನ್ನೂ ತೀರ್ಮಾನ ಮಾಡಬೇಡಿ, ನಲವತ್ತು ಐವತ್ತು ವರ್ಷದಲ್ಲಿ ಯಾರ್ಯಾರೋ ಕೈಗೆ ಸಿಕ್ಕ ವೈರ್ ಹಾಕಿರುತ್ತಾರೆ. ಬ್ಯಾಟರಿಯ ಮೈಮೇಲಿನ ಪ್ಲಸ್ ಮೈನಸ್ ಗುರುತು ನೋಡಿ, ಫ್ರೇಮಿನ ಬೋಲ್ಟಿಗೆ ಹೋಗುವ ವೈರ್ ಯಾವ ತುದಿಯಿಂದ ಹೊರಟಿದೆ ಅಂತ ಕೈಯಲ್ಲಿ ಹಿಡಿದು ಹಿಂಬಾಲಿಸಿ. ಗೊತ್ತಾದದ್ದನ್ನು ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಅಂಟಿಸಿ.

ಯಾವ ಚಾರ್ಜರ್?

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ, ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಂದು ಮಾಮೂಲಿ ಟ್ರಿಕಲ್ ಚಾರ್ಜರ್. ಸಣ್ಣ ಕರೆಂಟು ಬಿಡುತ್ತಾ ಇರುತ್ತದೆ, ಬ್ಯಾಟರಿ ತುಂಬಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಒಂದು ರಾತ್ರಿಗೆ ಸರಿ, ಮೂರು ತಿಂಗಳಿಗೆ ಬಿಟ್ಟರೆ ಬ್ಯಾಟರಿಯ ನೀರೆಲ್ಲ ಗ್ಯಾಸ್ ಆಗಿ ಹಾರಿ ಪ್ಲೇಟು ಒಣಗುತ್ತದೆ. ಇನ್ನೊಂದು ಮೆಂಟೇನರ್, ಕೆಲವರು ಸ್ಮಾರ್ಟ್ ಚಾರ್ಜರ್, ಬ್ಯಾಟರಿ ಟೆಂಡರ್ ಅಂತಲೂ ಕರೆಯುತ್ತಾರೆ. 12 ವೋಲ್ಟ್ ಬ್ಯಾಟರಿಯನ್ನು ಇದು ಮೊದಲು ಸುಮಾರು 14.4ರವರೆಗೆ ಏರಿಸಿ ತುಂಬುತ್ತದೆ, ತುಂಬಿದ ಮೇಲೆ ತಾನಾಗಿ 13.2ರಿಂದ 13.6ರ ಒಳಗೆ ಇಳಿದು ಸೋರಿದಷ್ಟನ್ನು ಮಾತ್ರ ತುಂಬುತ್ತಾ ಕೂರುತ್ತದೆ. 6 ವೋಲ್ಟಿಗೆ ಇದರ ಅರ್ಧ, ಅಂದರೆ 7.2 ಮತ್ತು 6.6ರಿಂದ 6.8. ನಮಗೆ ಬೇಕಾಗಿರುವುದು ಇದು.

ಕೊಳ್ಳುವಾಗ ನಾಲ್ಕು ವಿಷಯ ನೋಡಿ. 6 ವೋಲ್ಟ್ ಬೈಕಾದರೆ 6 ವೋಲ್ಟ್ ಮೋಡ್ ಇರಲೇಬೇಕು, ಅದನ್ನು ಕೈಯಿಂದ ಆರಿಸುವ ಬಟನ್ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ತಾನೇ ಊಹಿಸುವ ಚಾರ್ಜರ್‌ಗೆ ಪೂರಾ ಡೌನ್ ಆದ 12 ವೋಲ್ಟ್ ಬ್ಯಾಟರಿಗೂ ತುಂಬಿದ 6 ವೋಲ್ಟ್ ಬ್ಯಾಟರಿಗೂ ವ್ಯತ್ಯಾಸ ಸಿಗದೇ ಹೋಗಬಹುದು. ಕರೆಂಟು ಬ್ಯಾಟರಿಯ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗದ ಹತ್ತಿರ ಇರಲಿ (ಆಂಪಿಯರ್-ಅವರ್ ಅಂದರೆ ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ). 12 ಆಂಪಿಯರ್-ಅವರ್ ಬ್ಯಾಟರಿಗೆ 1.2 ಆಂಪಿಯರ್ ಸಾಕು. ಕಾರಿನ ದೊಡ್ಡ ಚಾರ್ಜರ್ ತಂದು ಬೈಕಿನ ಪುಟ್ಟ ಬ್ಯಾಟರಿಗೆ ಸಿಕ್ಕಿಸಬೇಡಿ, ಬಿಸಿಯಾಗಿ ಪ್ಲೇಟು ಬಾಗುತ್ತದೆ. ಬೈಕು ನಿಲ್ಲುವ ಜಾಗ ತುಂಬಾ ಬಿಸಿಯಾದರೆ ತಾಪಮಾನ ನೋಡಿ ವೋಲ್ಟೇಜ್ ತಗ್ಗಿಸುವ ಚಾರ್ಜರ್ ತಗೊಳ್ಳಿ. ಕೊನೆಯದು, ಲಿಥಿಯಂ ಬ್ಯಾಟರಿಗೆ ಲಿಥಿಯಂ ಮೋಡ್ ಇರುವ ಚಾರ್ಜರ್ ಮಾತ್ರ. ಲೆಡ್ ಆಸಿಡ್ ಚಾರ್ಜರ್‌ಗಳಲ್ಲಿ ಸಲ್ಫೇಟ್ ಒಡೆಯೋಕೆ ಅಂತ ಜಾಸ್ತಿ ವೋಲ್ಟೇಜಿನ ಒಂದು ಹಂತ ಇರುತ್ತದೆ, ಅದು ಲಿಥಿಯಂಗೆ ವಿಷ. ನನ್ನ ಅಭಿಪ್ರಾಯ ಕೇಳಿದರೆ, ಹಳೇ ರೆಗ್ಯುಲೇಟರ್ ಇರುವ ಬೈಕಿಗೆ ಲಿಥಿಯಂ ಹಾಕುವ ಯೋಚನೆಯನ್ನೇ ಬಿಡಿ. ಆ ರೆಗ್ಯುಲೇಟರ್‌ಗಳ ವೋಲ್ಟೇಜ್ ಅಷ್ಟು ನಿಖರ ಅಲ್ಲ.

ನಿಲ್ಲಿಸುವ ದಿನ ಮಾಡಬೇಕಾದ ಕೆಲಸ

ಕಿಟಕಿ ಬಾಗಿಲು ತೆಗೆದಿಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೆ ಒಂದು ಕಿಡಿ ಸಾಕು. ಬೀಡಿ ಸಿಗರೇಟು ಹತ್ತಿರವೂ ಬೇಡ. ಕನ್ನಡಕ, ಗ್ಲೌಸ್ ಹಾಕಿ. ಉಂಗುರ, ಕೈಗಡಿಯಾರ ತೆಗೆದಿಡಿ, ಸ್ಪ್ಯಾನರ್ ಮತ್ತು ಉಂಗುರದ ನಡುವೆ ಶಾರ್ಟ್ ಆದರೆ ಬೆರಳು ಸುಟ್ಟೇ ಹೋಗುತ್ತದೆ. ಒಂದು ಮಗ್ ನೀರಿಗೆ ನಾಲ್ಕು ಚಮಚ ಅಡುಗೆ ಸೋಡಾ ಕಲಸಿ ಪಕ್ಕದಲ್ಲಿಡಿ, ಆಸಿಡ್ ಚೆಲ್ಲಿದರೆ ಅದರ ಮೇಲೆ ಸುರಿಯಬಹುದು. ಕಣ್ಣಿಗೆ ಬಿದ್ದರೆ ಮಾತ್ರ ಸೋಡಾ ಅಲ್ಲ, ಬರೀ ಶುದ್ಧ ನೀರಲ್ಲಿ ಬಿಡದೆ ತೊಳೆದು ಡಾಕ್ಟರ ಹತ್ತಿರ ಓಡಿ.

ಈಗ ವೈರ್ ಬಿಚ್ಚಿ. ಯಾವಾಗಲೂ ಫ್ರೇಮಿಗೆ ಹೋಗುವ ವೈರನ್ನೇ ಮೊದಲು ಬಿಚ್ಚಬೇಕು. “ಮೈನಸ್ ಮೊದಲು” ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಪಾಸಿಟಿವ್ ಅರ್ಥಿಂಗ್ ಬೈಕಿನಲ್ಲಿ ಅದು ತಪ್ಪು. ಅಲ್ಲಿ ಪ್ಲಸ್ ಮೊದಲು. ಕಾರಣ ಸುಲಭ. ಅರ್ಥಿಂಗ್ ವೈರ್ ಹೋದ ಮೇಲೆ ಇನ್ನೊಂದು ತುದಿ ಬಿಚ್ಚುವಾಗ ಸ್ಪ್ಯಾನರ್ ಫ್ರೇಮಿಗೆ ತಾಗಿದರೂ ಏನೂ ಆಗುವುದಿಲ್ಲ. ಉಲ್ಟಾ ಮಾಡಿದರೆ ಸ್ಪ್ಯಾನರೇ ಫ್ಯೂಸ್ ಇಲ್ಲದ ವೈರ್ ಆಗಿಬಿಡುತ್ತದೆ.

ಬ್ಯಾಟರಿ ಹೊರಗೆ ಬಂತಾ? ಸೋಡಾ ನೀರಲ್ಲಿ ಅದ್ದಿದ ಹಳೇ ಬ್ರಷ್ಷಿನಿಂದ ಟರ್ಮಿನಲ್ ಉಜ್ಜಿ. ಮುಚ್ಚಳಗಳು ಬಿಗಿಯಾಗಿ ಇರಲಿ, ಸೋಡಾ ಒಳಗೆ ಹೋದರೆ ಆಸಿಡ್ಡೇ ಕೆಡುತ್ತದೆ. ಬಿಳಿ ಹಸಿರು ಪುಡಿ ಹೋಗಬೇಕು, ಸೀಸ ಹೊಳೆಯುವಂತೆ ಕಾಣಬೇಕು. ಮೇಲ್ಭಾಗವನ್ನೂ ಒರೆಸಿ. ಅದೇನು ಅಂಥ ಮುಖ್ಯ ಅನಿಸಬಹುದು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಸ್ ಮೇಲಿಟ್ಟು ಇನ್ನೊಂದನ್ನು ಬ್ಯಾಟರಿಯ ಕೊಳೆಯಾದ ಪ್ಲಾಸ್ಟಿಕ್ ಮೇಲೆ ಎಳೆದು ನೋಡಿ, ವೋಲ್ಟೇಜ್ ತೋರಿಸಿದರೆ ಆ ಒದ್ದೆ ಧೂಳಿನ ಮೂಲಕವೇ ಕರೆಂಟು ಹರಿಯುತ್ತಿದೆ ಅಂತ ಅರ್ಥ.

ನೀರು ಹಾಕುವ ಬ್ಯಾಟರಿಯಾದರೆ ಮುಚ್ಚಳ ತೆಗೆದು ಇಣುಕಿ. ಪ್ಲೇಟು ಮುಳುಗಿರಲೇಬೇಕು. ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಮೇಲಿನ ಗೆರೆವರೆಗೆ ತುಂಬುವುದು ಚಾರ್ಜ್ ಆದ ಮೇಲೆ. ಚಾರ್ಜ್ ಆಗುವಾಗ ಮಟ್ಟ ಏರುತ್ತದೆ, ಮೊದಲೇ ತುಂಬಿದರೆ ಉಕ್ಕುತ್ತದೆ. ನಲ್ಲಿ ನೀರು ಬೇಡ. ಆಸಿಡ್ ಅಂತೂ ಯಾವತ್ತೂ ಸೇರಿಸಬೇಡಿ, ಹಾರಿಹೋಗುವುದು ನೀರು ಮಾತ್ರ.

ವೆಂಟ್ ಪೈಪನ್ನು ನೋಡದೆ ಬಿಡಬೇಡಿ. ಬ್ಯಾಟರಿಯ ಪಕ್ಕದಿಂದ ಇಳಿಯುವ ಆ ಸಣ್ಣ ರಬ್ಬರ್ ಪೈಪಿದೆಯಲ್ಲ, ಒಮ್ಮೆ ನಾನು ಅದು ಮಡಚಿಕೊಂಡಿದ್ದನ್ನು ನೋಡದೆ ಬ್ಯಾಟರಿಯನ್ನು ಬೈಕಿನಲ್ಲೇ ಇಟ್ಟು ಚಾರ್ಜ್ ಮಾಡಿದ್ದೆ. ಒಳಗಿನ ಒತ್ತಡಕ್ಕೆ ಆಸಿಡ್ ಮುಚ್ಚಳದ ಸಂದಿಯಿಂದ ಜಿನುಗಿತು. ಬ್ಯಾಟರಿ ಕೂರುವ ತಟ್ಟೆಯ ಬಣ್ಣ ಗುಳ್ಳೆಯೆದ್ದು ಸುಲಿದು ಬಂತು, ಅಲ್ಲಿಂದ ತೊಟ್ಟಿಕ್ಕಿದ್ದು ಸ್ವಿಂಗ್ ಆರ್ಮ್ ಮೇಲೆ ಉದ್ದಕ್ಕೂ ತುಕ್ಕಿನ ಗೆರೆ ಎಳೆದಿತ್ತು. ಮೂಲ ಬಣ್ಣ ಅದು, ಮತ್ತೆ ಬರುವುದಿಲ್ಲ. ಆವತ್ತಿನಿಂದ ಪೈಪಿನ ತುದಿಗೆ ಬಾಯಿ ಇಡದೆ ಒಂದು ಸಣ್ಣ ಸಿರಿಂಜಿನಿಂದ ಗಾಳಿ ಬಿಟ್ಟು ನೋಡಿಯೇ ಮುಂದುವರಿಯುತ್ತೇನೆ. ಪೈಪನ್ನು ಬ್ಯಾಟರಿಯಿಂದ ಕಳಚಿಕೊಂಡು ಆಮೇಲೆ ಗಾಳಿ ಬಿಡಿ.

ಎಲ್ಲ ಆದ ಮೇಲೆ ಪೂರ್ತಿ ಚಾರ್ಜ್ ಮಾಡಿ. ಲೆಕ್ಕ ಬೇಕಾದರೆ ಹೀಗೆ. ಅರ್ಧ ಖಾಲಿಯಾದ 12 ಆಂಪಿಯರ್-ಅವರ್ ಬ್ಯಾಟರಿಗೆ 6 ಆಂಪಿಯರ್-ಅವರ್ ವಾಪಸ್ ಹೋಗಬೇಕು, 1.2 ಆಂಪಿಯರ್‌ನಲ್ಲಿ 5 ಗಂಟೆ, ನಷ್ಟ ಸೇರಿ 7 ಗಂಟೆ ಅಂದುಕೊಳ್ಳಿ. ಆಮೇಲೆ ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. ಆಗಷ್ಟೇ ತೆಗೆದಾಗ 13 ದಾಟಿ ತೋರಿಸುತ್ತದೆ, ಅದು ಮೇಲ್ಮೈಯ ಚಾರ್ಜ್, ನಂಬಬೇಡಿ. ರಾತ್ರಿ ಕಳೆದ ಮೇಲೆ ನೀರಿನ ಬ್ಯಾಟರಿ 12.6ರಿಂದ 12.7, ಎಜಿಎಮ್ 12.8ರ ಹತ್ತಿರ ನಿಂತರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.1ರಿಂದ 12.2 ಅಂದರೆ ಅರ್ಧ. 6 ವೋಲ್ಟಿಗೆ ಎಲ್ಲವನ್ನೂ ಎರಡರಿಂದ ಭಾಗಿಸಿ, 6.3 ಮೇಲಿದ್ದರೆ ತುಂಬಿದೆ.

ಬೈಕಿನಲ್ಲೇ ಇಡುವುದಾ, ಹೊರಗೆ ತೆಗೆದಿಡುವುದಾ?

ಒಂದು ತಿಂಗಳಿಗಿಂತ ಜಾಸ್ತಿ ನಿಲ್ಲುವುದಾದರೆ ಹೊರಗೆ ತೆಗೆದಿಡಿ ಅಂತಲೇ ನಾನು ಹೇಳುವುದು. ಆಸಿಡ್ ಆವಿ ಕ್ರೋಮ್‌ನಿಂದ ದೂರ ಇರುತ್ತದೆ, ಬೈಕಿನ ಹಳೇ ವೈರಿಂಗ್ ಮೂಲಕ ಆಗುವ ಸೋರಿಕೆಯ ಚಿಂತೆಯೂ ಇಲ್ಲ. ತಂಪಾದ, ಒಣಗಿದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಅನ್ನುವ ಮಾತು ಮರದ, ರಬ್ಬರಿನ ಡಬ್ಬಿಗಳ ಕಾಲದ್ದು. ಪ್ಲಾಸ್ಟಿಕ್ ಡಬ್ಬಿಗೆ ಅದು ಅನ್ವಯಿಸುವುದಿಲ್ಲ.

ತೆಗೆಯೋಕೆ ಆಗುವುದೇ ಇಲ್ಲ, ಬೈಕಿನಲ್ಲೇ ಇರಲಿ ಅನ್ನುವುದಾದರೆ ಸೋರಿಕೆ ಎಷ್ಟಿದೆ ಅಂತ ಅಳೆದು ನೋಡಿ. ಕೀ ಆಫ್ ಮಾಡಿ, ಅರ್ಥಿಂಗ್ ವೈರ್ ಬಿಚ್ಚಿ, ಮಲ್ಟಿಮೀಟರನ್ನು 10 ಆಂಪಿಯರ್ ಸ್ಥಾನಕ್ಕೆ ಇಟ್ಟು, ಕೆಂಪು ಕಡ್ಡಿಯ ವೈರನ್ನು ಆ ತೂತಿಗೇ ಬದಲಾಯಿಸಿ, ಬ್ಯಾಟರಿ ತುದಿ ಮತ್ತು ಬಿಚ್ಚಿದ ವೈರಿನ ನಡುವೆ ಹಿಡಿಯಿರಿ. ಸೊನ್ನೆಯ ಹತ್ತಿರ ಬಂದರೆ ಮಿಲಿ ಆಂಪಿಯರ್‌ಗೆ ಇಳಿಸಿ ನೋಡಿ. ಗಡಿಯಾರ, ಅಲಾರಂ ಏನೂ ಇಲ್ಲದ ಹಳೇ ಬೈಕಿನಲ್ಲಿ ಸೊನ್ನೆಯೇ ಬರಬೇಕು. 10 ಮಿಲಿ ಆಂಪಿಯರ್ ಏನು ಮಹಾ ಅನಿಸುತ್ತದೆ, ಆದರೆ ದಿನಕ್ಕೆ 24 ಗಂಟೆಯಂತೆ 30 ದಿನಕ್ಕೆ ಗುಣಿಸಿದರೆ 7.2 ಆಂಪಿಯರ್-ಅವರ್. ನಿಮ್ಮದು 9 ಆಂಪಿಯರ್-ಅವರ್ ಬ್ಯಾಟರಿಯಾದರೆ ಒಂದೇ ತಿಂಗಳಲ್ಲಿ ಕಥೆ ಮುಗಿಯಿತು.

ಸೋರಿಕೆ ಕಂಡರೆ ಹುಡುಕುವ ಜಾಗಗಳು ಹೆಚ್ಚೇನಿಲ್ಲ. ಕೆಟ್ಟ ರೆಕ್ಟಿಫೈಯರ್, ಒದ್ದೆಯಾದ ಕೀ ಸ್ವಿಚ್, ಬ್ರೇಕ್ ಲೈಟ್ ಸ್ವಿಚ್, ಮೈ ಸುಲಿದ ವೈರ್. ಡೈನಮೋ ಇರುವ ಬೈಕಿನಲ್ಲಿ, ಎಂಜಿನ್ ನಿಂತಾಗ ಡೈನಮೋವನ್ನು ಬ್ಯಾಟರಿಯಿಂದ ಬೇರ್ಪಡಿಸುವ ಕಟ್‌ಔಟ್ ಪಾಯಿಂಟ್ ಅಂಟಿಕೊಂಡಿದ್ದರೆ ಬ್ಯಾಟರಿಯ ಕರೆಂಟು ಉಲ್ಟಾ ಡೈನಮೋಗೇ ಹರಿಯುತ್ತದೆ. ಇದು ಮಿಲಿ ಆಂಪಿಯರ್ ಲೆಕ್ಕದ್ದಲ್ಲ, ಆಮೀಟರ್ ಇದ್ದರೆ ಎಂಜಿನ್ ಆಫ್ ಮಾಡಿದ ಮೇಲೂ ಅದರ ಮುಳ್ಳು ಮೈನಸ್ ಕಡೆ ಪೂರ್ತಿ ವಾಲಿರುತ್ತದೆ. ತಕ್ಷಣ ಬ್ಯಾಟರಿ ವೈರ್ ಬಿಚ್ಚಿ.

ಕೀ ಆನ್ ಮಾಡಿ ಮರೆತುಹೋಗುವುದು ಇನ್ನೊಂದು. ಬ್ಯಾಟರಿ ಕರೆಂಟಿನಿಂದ ಕಿಡಿ ಹಾರಿಸುವ ಕಾಯಿಲ್ ಇಗ್ನಿಷನ್ ಬೈಕಿನಲ್ಲಿ ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಜೋಡಿಸುವ ಸ್ವಿಚ್) ಮುಚ್ಚಿದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ ಕಾಯಿಲ್ ಮೂಲಕ ಕೆಲವು ಆಂಪಿಯರ್ ಹರಿಯುತ್ತಲೇ ಇರುತ್ತದೆ, ಬ್ಯಾಟರಿ ಖಾಲಿಯಾಗುವುದರ ಜೊತೆ ಕಾಯಿಲ್ಲೂ ಬೇಯುತ್ತದೆ.

ಬೈಕಿನಲ್ಲೇ ಇಟ್ಟು ಮೆಂಟೇನರ್ ಸಿಕ್ಕಿಸುವುದಾದರೆ

ಪ್ರತಿ ಸಲ ಸೀಟು ಬಿಚ್ಚುವ ಬದಲು ಬ್ಯಾಟರಿಗೆ ಒಂದು ಕಾಯಂ ವೈರ್ ಜೋಡಿಸಿ ಅದರ ಪ್ಲಗ್ಗನ್ನು ಹೊರಗೆ ಬಿಡುವುದು ಒಳ್ಳೆಯ ಏರ್ಪಾಡು. ಚಾರ್ಜರಿನ ಪ್ಲಸ್ ಯಾವಾಗಲೂ ಬ್ಯಾಟರಿಯ ಪ್ಲಸ್‌ಗೇ, ಮೈನಸ್ ಮೈನಸ್‌ಗೇ. ಅರ್ಥಿಂಗ್ ಯಾವುದಾದರೂ ಈ ನಿಯಮ ಬದಲಾಗುವುದಿಲ್ಲ. ಇದು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಇದು. ಚಾರ್ಜರ್ ಜೊತೆ ಬರುವ ಎಸ್‌ಎಇ ಎರಡು ಕಡ್ಡಿಯ ಪ್ಲಗ್ಗಿನಲ್ಲಿ ಬ್ಯಾಟರಿ ಕಡೆಯ ಪ್ಲಸ್ ಕಡ್ಡಿ ರಬ್ಬರಿನೊಳಗೆ ಮುಚ್ಚಿಕೊಂಡಿರುತ್ತದೆ, ಮೈನಸ್ ಕಡ್ಡಿ ಬೆತ್ತಲೆ. ಮಾಮೂಲಿ ಬೈಕಿನಲ್ಲಿ ಫ್ರೇಮೂ ಮೈನಸ್ಸೇ, ಕಡ್ಡಿ ತಾಗಿದರೆ ಏನೂ ಆಗುವುದಿಲ್ಲ. ಪಾಸಿಟಿವ್ ಅರ್ಥಿಂಗ್ ಬೈಕಿನಲ್ಲಿ ಫ್ರೇಮ್ ಪ್ಲಸ್. ಆ ಬೆತ್ತಲೆ ಕಡ್ಡಿ ಫ್ರೇಮಿಗೆ ತಾಗಿತು ಅಂದರೆ ನೇರ ಶಾರ್ಟ್. ಮೇಲಾಗಿ ಇಂಥ ವೈರ್‌ಗಳಲ್ಲಿ ಫ್ಯೂಸ್ ಸಾಮಾನ್ಯವಾಗಿ ಪ್ಲಸ್ ವೈರಿನಲ್ಲಿರುತ್ತದೆ, ಈ ಶಾರ್ಟ್ ಅದರ ಮೂಲಕ ಹೋಗುವುದೇ ಇಲ್ಲ, ಫ್ಯೂಸ್ ಹಾಗೇ ಇರುತ್ತದೆ, ವೈರ್ ಉರಿಯುತ್ತದೆ. ಆದ್ದರಿಂದ ಪಾಸಿಟಿವ್ ಅರ್ಥಿಂಗ್ ಬೈಕಿಗೆ ಮೈನಸ್ ವೈರಿನಲ್ಲಿ, ಬ್ಯಾಟರಿಗೆ ಹತ್ತಿರವಾಗಿ, 5 ಅಥವಾ 7.5 ಆಂಪಿಯರ್ ಫ್ಯೂಸ್ ಹಾಕಿಸಿ. ಪ್ಲಗ್ಗಿಗೆ ರಬ್ಬರ್ ಮುಚ್ಚಳ ಇರಲಿ, ಬಳಸದಾಗ ಮುಚ್ಚಿಡಿ.

ಜೋಡಿಸುವಾಗ ಮೊದಲು ಬೈಕಿನ ಕಡೆ ಪ್ಲಗ್ ಸಿಕ್ಕಿಸಿ, ಆಮೇಲೆ ಗೋಡೆಯ ಸ್ವಿಚ್ ಹಾಕಿ. ತೆಗೆಯುವಾಗ ಮೊದಲು ಗೋಡೆಯ ಸ್ವಿಚ್ ಆಫ್. ಕಿಡಿ ಹಾರುವುದಿದ್ದರೂ ಬ್ಯಾಟರಿ ಹತ್ತಿರ ಹಾರಬಾರದು.

12 ವೋಲ್ಟ್ ಬ್ರಿಟಿಷ್ ಬೈಕುಗಳಲ್ಲಿ ಝೀನರ್ ಡಯೋಡ್ ಇದ್ದರೆ ಒಂದು ಎಚ್ಚರಿಕೆ. ವೋಲ್ಟೇಜ್ 14ರ ಹತ್ತಿರ ಬಂದ ಮೇಲೆ ಅದು ಹೆಚ್ಚಿನ ಕರೆಂಟನ್ನು ಬಿಸಿಯಾಗಿ ಕಳೆಯೋಕೆ ಶುರು ಮಾಡುತ್ತದೆ, ಓಡುವಾಗ ಗಾಳಿ ತಾಗಿ ತಣ್ಣಗಾಗುತ್ತದೆ, ನಿಂತಾಗ ಗಾಳಿ ಎಲ್ಲಿಂದ? ಪೂರ್ತಿ ಚಾರ್ಜ್ ಮಾಡುವಾಗ ಅರ್ಥಿಂಗ್ ವೈರ್ ಬಿಚ್ಚಿಟ್ಟರೆ ನಿಶ್ಚಿಂತೆ. ಚಾರ್ಜರಿನಲ್ಲಿ ರಿಪೇರಿ ಅಥವಾ ಡಿಸಲ್ಫೇಶನ್ ಮೋಡ್ ಇದ್ದರೆ ಅದನ್ನು ಬ್ಯಾಟರಿ ಹೊರಗಿದ್ದಾಗ ಮಾತ್ರ ಬಳಸಿ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ ಬೈಕಿನಲ್ಲಂತೂ ಖಂಡಿತ.

ಪ್ಲಗ್ ಪಾಯಿಂಟ್ ಇಲ್ಲದ ಕಡೆ

ಬ್ಯಾಟರಿಯನ್ನೇ ಮನೆಯೊಳಗೆ ತಂದು ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ. ನೀರಿನ ಬ್ಯಾಟರಿಗೆ ಇದು ಸಾಕು, ಎಜಿಎಮ್ ಆದರೆ ಎರಡು ತಿಂಗಳಿಗೊಮ್ಮೆ ಮಾಡಿದರೂ ನಡೆಯುತ್ತದೆ. ಮೊಬೈಲಿನಲ್ಲಿ ಅಲಾರಂ ಇಡಿ, ನೆನಪಿನ ಮೇಲೆ ಬಿಟ್ಟರೆ ಆಗುವ ಕೆಲಸ ಇದಲ್ಲ. ಛಾವಣಿಯ ಮೇಲೆ ಬಿಸಿಲು ಬೀಳುವ ಶೆಡ್ಡಾದರೆ 5 ವ್ಯಾಟ್ ಸೋಲಾರ್ ಪ್ಯಾನೆಲ್ ಕೂಡ ಆಗುತ್ತದೆ, ಆದರೆ ನಡುವೆ ಸೋಲಾರ್ ರೆಗ್ಯುಲೇಟರ್ ಇರಲೇಬೇಕು. ನೇರ ಜೋಡಿಸಿದರೆ ಬಿಸಿಲಿದ್ದಾಗ ಅತಿಯಾಗಿ ಚಾರ್ಜ್ ಆಗುತ್ತದೆ, ರಾತ್ರಿ ಬ್ಯಾಟರಿಯ ಕರೆಂಟು ಪ್ಯಾನೆಲ್ಲಿಗೇ ವಾಪಸ್ ಹರಿಯಬಹುದು.

ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸ ಬಿಡಿ

ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಬ್ಯಾಟರಿ ಚೆನ್ನಾಗಿರುತ್ತದೆ ಅಂತ ಪ್ರೀತಿಯಿಂದ ಮಾಡುವವರು ತುಂಬಾ ಜನ. ನಾನೂ ವರ್ಷಗಟ್ಟಲೆ ಮಾಡಿದವನೇ. ಹಳೇ ಬೈಕಿಗೆ ಇದರಿಂದ ನಷ್ಟವೇ ಜಾಸ್ತಿ. 60 ವ್ಯಾಟಿನ ಲ್ಯೂಕಸ್ ಡೈನಮೋ ಐಡಲಿಂಗಿನಲ್ಲಿ ಚಾರ್ಜ್ ಮಾಡುವುದೇ ಇಲ್ಲ. ನಂಬಿಕೆ ಬರದಿದ್ದರೆ ಆಮೀಟರ್ ನೋಡಿ. ಸ್ಟಾರ್ಟ್ ಆಗಿ ಬೈಕು ನಿಧಾನವಾಗಿ ಬಡಿದುಕೊಳ್ಳುತ್ತಿರುವಾಗ ಕಾಯಿಲ್ ಬೈಕಿನಲ್ಲಿ ಮುಳ್ಳು ಸೊನ್ನೆಯಿಂದ ಎಡಕ್ಕೆ, ಮೈನಸ್ ಕಡೆಗೆ ನಡುಗುತ್ತಾ ನಿಲ್ಲುತ್ತದೆ. ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಬಲಕ್ಕೆ ಬರುತ್ತದೆ. ಅಂದರೆ ಆ ಐದು ನಿಮಿಷ ನೀವು ಬ್ಯಾಟರಿಯಿಂದ ತೆಗೆಯುತ್ತಾ ಇದ್ದೀರಿ. ಜೊತೆಗೆ ಪೂರ್ತಿ ಬಿಸಿಯಾಗದ ಎಂಜಿನ್ನಿನಲ್ಲಿ ನೀರಿನ ಹನಿ ಆಯಿಲ್ ಜೊತೆ ಸೇರುತ್ತದೆ, ಸೈಲೆನ್ಸರ್ ಒಳಗಿಂದ ತುಕ್ಕು ಹಿಡಿಯುತ್ತದೆ. ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸುವುದಾದರೆ ಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಹಾಗೇ ಬಿಡಿ.

ತಿಂಗಳಿಗೊಮ್ಮೆ ಒಂದು ನೋಟ

ಮೆಂಟೇನರ್ ಹಾಕಿದ್ದೇನೆ ಅಂತ ಮರೆಯಬೇಡಿ. ಬ್ಯಾಟರಿ ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿಯಾಗಿದ್ದರೆ ಒಳಗೆ ಒಂದು ಸೆಲ್ ಕೆಟ್ಟಿದೆ ಅಥವಾ ಚಾರ್ಜರ್ ಇಳಿಯಬೇಕಾದಷ್ಟು ಇಳಿದಿಲ್ಲ. ಕರೆಂಟು ಹೋಗಿ ಬಂದ ಮೇಲೆ ಚಾರ್ಜರ್ ಮತ್ತೆ ಸರಿಯಾದ ಮೋಡಿಗೇ ಬಂದಿದೆಯಾ ಅಂತಲೂ ನೋಡಿ. ಕೆಲವಕ್ಕೆ ನೆನಪು ಇರುತ್ತದೆ, ಕೆಲವಕ್ಕೆ ಇಲ್ಲ, 6 ವೋಲ್ಟ್ ಬ್ಯಾಟರಿಯವರಿಗೆ ಇದು ದೊಡ್ಡ ವಿಷಯ. ನೀರಿನ ಮಟ್ಟ ನೋಡಿ.

ನೀರಿನ ಬ್ಯಾಟರಿಗೆ ಹೈಡ್ರೋಮೀಟರ್ (ಆಸಿಡ್ಡಿನ ಸಾಂದ್ರತೆ ಅಳೆಯುವ ಸಾಧನ) ಇದ್ದರೆ ಅದರಷ್ಟು ನಿಜ ಹೇಳುವ ಸಾಧನ ಬೇರೆ ಇಲ್ಲ. ಬೈಕಿನ ಸೆಲ್ ಚಿಕ್ಕದು, ಚಿಕ್ಕ ಹೈಡ್ರೋಮೀಟರ್ ಬೇಕು. ಪ್ರತಿ ಸೆಲ್ ಬೇರೆ ಬೇರೆಯಾಗಿ ಅಳೆಯಿರಿ. 1.265ರಿಂದ 1.280 ಅಂದರೆ ತುಂಬಿದೆ, 1.190 ಅಂದರೆ ಅರ್ಧ. ಎಲ್ಲ ಸೆಲ್ಲೂ 1.270 ಇದ್ದು ಒಂದು ಮಾತ್ರ 1.200 ತೋರಿಸಿದರೆ ಆ ಸೆಲ್ ಹೋಗುತ್ತಿದೆ, ಉಳಿದವನ್ನೂ ಎಳೆದುಕೊಂಡೇ ಹೋಗುತ್ತದೆ.

ಈಗಾಗಲೇ ಡೌನ್ ಆಗಿದ್ದರೆ

ಡಬ್ಬಿ ಉಬ್ಬಿದ್ದರೆ, ಸೀಳಿದ್ದರೆ, ಹೆಪ್ಪುಗಟ್ಟಿದ್ದರೆ ಚಾರ್ಜ್ ಮಾಡಲೇಬೇಡಿ. ಮೇಲ್ನೋಟಕ್ಕೆ ಸರಿ ಇದ್ದರೆ ನೀರು ಸರಿಮಾಡಿ ಅರ್ಧ ಆಂಪಿಯರ್‌ನಲ್ಲಿ ಒಂದು ದಿನ ಬಿಡಿ, ನೀವು ಮನೆಯಲ್ಲಿ ಇರುವಾಗ, ಆಗಾಗ ಮುಟ್ಟಿ ನೋಡುತ್ತಾ. ಸ್ಮಾರ್ಟ್ ಚಾರ್ಜರ್ ವೋಲ್ಟೇಜ್ ತುಂಬಾ ಕಡಿಮೆ ಇದ್ದರೆ ಬ್ಯಾಟರಿ ಇದೆ ಅಂತಲೇ ಗುರುತಿಸುವುದಿಲ್ಲ, ಆಗ ಕೈಯಿಂದ ಹೊಂದಿಸುವ ಚಾರ್ಜರ್ ಬೇಕಾಗುತ್ತದೆ. ಎಷ್ಟು ಹೊತ್ತು ಚಾರ್ಜ್ ಮಾಡಿದರೂ, ಇಟ್ಟ ಮೇಲೆ 12 ವೋಲ್ಟಿನದ್ದು 10.5ರ ಹತ್ತಿರವೇ ಇಳಿದು ನಿಂತರೆ, 6 ವೋಲ್ಟಿನದ್ದು 4.2ರ ಹತ್ತಿರ ನಿಂತರೆ, ಒಂದು ಸೆಲ್ ಸತ್ತಿದೆ. ಅದಕ್ಕೆ ಮದ್ದಿಲ್ಲ, ಹಳೇ ಬ್ಯಾಟರಿ ತೆಗೆದುಕೊಳ್ಳುವವರಿಗೆ ಕೊಡಿ, ಸೀಸ ಕಸಕ್ಕೆ ಹೋಗಬಾರದು. ಹೊಸದನ್ನು ಮಾತ್ರ ಬೈಕು ಹೊರಗೆ ತೆಗೆಯುವ ವಾರ ಕೊಳ್ಳಿ. ನಿಲ್ಲಿಸುವ ಮುಂಚೆ ಕೊಂಡು ಮೂಲೆಗೆ ಇಟ್ಟರೆ ಅದರ ಆಯಸ್ಸು ಸುಮ್ನೆ ಕರಗುತ್ತದೆ.

ಮತ್ತೆ ರಸ್ತೆಗೆ ಇಳಿಸುವ ದಿನ

ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು ವೋಲ್ಟೇಜ್ ನೋಡಿ. ಬ್ಯಾಟರಿ ಕೂರಿಸಿ, ವೆಂಟ್ ಪೈಪನ್ನು ಚೈನಿಗೂ ಸೈಲೆನ್ಸರಿಗೂ ದೂರವಾಗಿ ಕೆಳಗೆ ಬಿಡಿ. ಈ ಸಲ ಅರ್ಥಿಂಗ್ ವೈರ್ ಕೊನೆಗೆ. ಬಿಗಿ ಮಾಡಿದ ಮೇಲೆ ಟರ್ಮಿನಲ್ ಮೇಲೆ ತೆಳುವಾಗಿ ವ್ಯಾಸಲಿನ್ ಸವರಿ. ಹೆಡ್‌ಲೈಟ್ ಹಾಕಿ ಒಂದು ನಿಮಿಷ ಬಿಟ್ಟು ಮೀಟರ್ ನೋಡಿ. 12 ವೋಲ್ಟಿನದ್ದು 12ರ ಆಸುಪಾಸಿನಲ್ಲಿ ನಿಂತರೆ ಚೆನ್ನಾಗಿದೆ, ಕಣ್ಣೆದುರೇ 11ಕ್ಕೆ ಜಾರುತ್ತಾ ಹೋದರೆ ಅದರಲ್ಲಿ ಜೀವ ಇಲ್ಲ.

ಕೊನೆಯದಾಗಿ, ಸ್ಟಾರ್ಟ್ ಮಾಡಿ ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಸ್ವಲ್ಪ ಏರಿಸಿ ಬ್ಯಾಟರಿ ತುದಿಗಳ ನಡುವೆ ಮೀಟರ್ ಹಿಡಿಯಿರಿ. 12 ವೋಲ್ಟ್ ಬೈಕಿನಲ್ಲಿ 13.5 ದಾಟಬೇಕು, 15ರ ಒಳಗೇ ನಿಲ್ಲಬೇಕು. 6 ವೋಲ್ಟಿನಲ್ಲಿ 7ರ ಆಸುಪಾಸು. ತಿಂಗಳುಗಟ್ಟಲೆ ಮೆಂಟೇನರ್ ಮೇಲಿದ್ದ ಬೈಕಿನಲ್ಲಿ ಡೈನಮೋ ಅಥವಾ ಆಲ್ಟರ್ನೇಟರ್ ಸತ್ತಿದ್ದರೂ ಮೊದಲ ದಿನ ಗೊತ್ತಾಗುವುದಿಲ್ಲ, ತುಂಬಿದ ಬ್ಯಾಟರಿಯೇ ಗಂಟೆಗಟ್ಟಲೆ ಎಳೆದುಬಿಡುತ್ತದೆ, ಕೈಕೊಡುವುದು ಮನೆಯಿಂದ ದೂರ ಹೋದ ಮೇಲೆ. ಹಾಗಾಗಿ ಆ ಮೀಟರ್ ಏರದಿದ್ದರೆ ಕವರ್ ಮತ್ತೆ ಹೊದಿಸಿ, ಮೊದಲು ಚಾರ್ಜಿಂಗ್ ವೈರಿಂಗ್ ನೋಡಿ.